ಗಾಜಿನ ತೊಟ್ಟಿಗೆ ಹವಳ ಬರುವ ಮುನ್ನ

ಮನೆಯ ಹಜಾರದಲ್ಲಿ ಗಾಜಿನ ತೊಟ್ಟಿಯಿಟ್ಟು, ಅದಕ್ಕೆ ಉಪ್ಪುನೀರು ತುಂಬಿ, ಕಿತ್ತಳೆ ಮೈಗೆ ಬಿಳಿ ಪಟ್ಟೆಯಿರುವ ಎರಡು ಕ್ಲೌನ್ ಮೀನುಗಳನ್ನು ಆರು ತಿಂಗಳು ಬದುಕಿಸಿಕೊಂಡ ಹುಡುಗನಿಗೆ ಮುಂದೆ ಹುಟ್ಟುವ ಆಸೆ ಒಂದೇ: ಇದರಲ್ಲಿ ಹವಳ ಬೆಳೆಸಬೇಕು. ಮೀನು ಬದುಕಿದ ನೀರಿನಲ್ಲಿ ಹವಳಕ್ಕೇನು ತೊಂದರೆ ಎಂಬುದು ಅವನ ತರ್ಕ. ಅಂಗಡಿಯವನೂ ಎಷ್ಟೋ ಸಲ ಹಾಗೆಯೇ ಹೇಳಿ ಕಳಿಸುತ್ತಾನೆ. ತಂದ ಹವಳ ಮೊದಲ ವಾರ ಅರಳಿ ನಿಲ್ಲುತ್ತದೆ. ಎರಡನೆಯ ವಾರ ಮುದುಡುತ್ತದೆ. ತಿಂಗಳು ತುಂಬುವುದರೊಳಗೆ ಬರಿಯ ಸುಣ್ಣದ ಕಡ್ಡಿಯಾಗಿ ಉಳಿಯುತ್ತದೆ. ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಅದರ ಸುತ್ತ ಈಜಾಡುತ್ತಿರುತ್ತವೆ.

ಮೀನಿಗೆ ಬೇಕಾದುದು ವಿಷವಿಲ್ಲದ ನೀರು, ಹದವಾದ ಉಪ್ಪು, ಉಸಿರಾಡಲು ಆಮ್ಲಜನಕ ಮತ್ತು ಹೊತ್ತುಹೊತ್ತಿಗೆ ಒಂದಿಷ್ಟು ಆಹಾರ. ಹವಳಕ್ಕೆ ಇಷ್ಟು ಸಾಲದು. ಅದು ಪ್ರಾಣಿಯೂ ಹೌದು. ತನ್ನೊಳಗೆ ಸಸ್ಯದ ಕಸುಬನ್ನು ಇಟ್ಟುಕೊಂಡಿರುವುದೂ ಹೌದು. ಜೊತೆಗೆ ಬದುಕಿರುವಷ್ಟು ಕಾಲ ಕಲ್ಲು ಕಟ್ಟುತ್ತಲೇ ಇರಬೇಕು. ಈ ಮೂರು ಬಾಳಿಗೂ ಬೇಕಾದುದನ್ನು ಸಮುದ್ರ ಪುಕ್ಕಟೆಯಾಗಿ ಒದಗಿಸುತ್ತದೆ. ತೊಟ್ಟಿಯಲ್ಲಿ ಸಮುದ್ರದ ಒಂದೊಂದು ಕೆಲಸಕ್ಕೂ ಒಂದೊಂದು ಸಾಧನವನ್ನು ನೇಮಿಸಬೇಕಾಗುತ್ತದೆ. ಮೀನಿನ ತೊಟ್ಟಿಯನ್ನು ಹವಳದ ತೊಟ್ಟಿಯಾಗಿ ಮಾರ್ಪಡಿಸುವುದೆಂದರೆ ಇಷ್ಟೇ. ಆದರೆ ಈ 'ಇಷ್ಟೇ' ಎಂಬುದರಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವಶಾಸ್ತ್ರ ಎಲ್ಲವೂ ಅಡಗಿವೆ. ಸ್ವಲ್ಪ ಕಾನೂನೂ ಇದೆ.

ಮೂರು ಬಾಳಿನ ಜೀವಿ

ಶಾಲೆಯಲ್ಲಿ ಹೈಡ್ರಾದ ಪಾಠ ಓದಿದವರಿಗೆ ಹವಳದ ಪರಿಚಯ ಅರ್ಧ ಆದಂತೆಯೇ. ಹೈಡ್ರಾ, ಜೆಲ್ಲಿ ಮೀನು, ಹವಳ ಇವೆಲ್ಲ ಒಂದೇ ಬಳಗದವು. ಅನೇಕ ಜಾತಿಗಳಲ್ಲಿ ಕೆಲವೇ ಮಿಲಿಮೀಟರ್ ಅಗಲದ ಒಂದು ಚೀಲ, ಅದಕ್ಕೊಂದು ಬಾಯಿ, ಬಾಯ ಸುತ್ತ ಕುಟುಕುವ ಕಣಗಳಿರುವ ಕೈಗಳಂಥ ಎಳೆಗಳು. ಇದಕ್ಕೆ ಪಾಲಿಪ್ ಎಂದು ಹೆಸರು. ಸಾವಿರಾರು ಪಾಲಿಪ್‌ಗಳು ಒಂದಕ್ಕೊಂದು ಅಂಟಿಕೊಂಡು ಕೆಳಗೆ ಸುಣ್ಣದ ಗೂಡು ಕಟ್ಟುತ್ತ ಹೋದರೆ ಅದೇ ಹವಳ. ಹಿಂದೆ ಇದನ್ನು ಗಿಡವೆಂದೇ ತಿಳಿದಿದ್ದರು. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯ ಇದು ಪ್ರಾಣಿಯೆಂದು ವಾದಿಸಿದಾಗ ಪ್ಯಾರಿಸ್ಸಿನ ಪಂಡಿತರು ಒಪ್ಪಲಿಲ್ಲ.

ಆ ಪಂಡಿತರದೂ ಪೂರ್ತಿ ತಪ್ಪಲ್ಲ ಎನ್ನಬೇಕು. ದಿಬ್ಬ ಕಟ್ಟುವ ಹವಳದ ಜೀವಕೋಶಗಳ ಒಳಗೆ ಜೂಕ್ಸಾಂತೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ವಾಸವಾಗಿವೆ. ಅವು ಬಿಸಿಲಿನಿಂದ ದ್ಯುತಿಸಂಶ್ಲೇಷಣೆ ನಡೆಸಿ ಸಕ್ಕರೆ ತಯಾರಿಸುತ್ತವೆ. ಅದರ ಬಹುಪಾಲು ಹವಳಕ್ಕೆ ಸಲ್ಲುತ್ತದೆ. ಹವಳದ ಶಕ್ತಿಯ ಅಗತ್ಯದಲ್ಲಿ ಶೇಕಡಾ 90ರವರೆಗೂ ಹೀಗೆ ಪಾಚಿಯಿಂದಲೇ ಬರಬಲ್ಲದು. ಪ್ರತಿಯಾಗಿ ಹವಳ ವಿಸರ್ಜಿಸುವ ಸಾರಜನಕದ ತ್ಯಾಜ್ಯ ಪಾಚಿಗೆ ಗೊಬ್ಬರವಾಗುತ್ತದೆ. ಪೋಷಕಾಂಶಗಳಿಲ್ಲದ ಬಡ ನೀರಿನ ನಡುವೆ ಹವಳದ ದಿಬ್ಬ ಇಷ್ಟು ಸಮೃದ್ಧವಾಗಿ ಬಾಳುವುದರ ಹಿಂದೆ ಈ ಕೊಡುಕೊಳ್ಳುವಿಕೆಯ ದೊಡ್ಡ ಪಾಲಿದೆ. ನೀರು ತಿಳಿಯಾಗಿದ್ದಷ್ಟೂ ಬೆಳಕು ಆಳಕ್ಕಿಳಿಯುತ್ತದೆ. ನೀರಿನಲ್ಲಿ ಗೊಬ್ಬರ ಹೆಚ್ಚಾದರೆ ಹೊರಗಿನ ಪಾಚಿ ಹಬ್ಬಿ ಹವಳವನ್ನೇ ಮುಚ್ಚಿಬಿಡುತ್ತದೆ.

ಈ ಕೊನೆಯ ಮಾತು ಮೀನು ಸಾಕಿದ ಹುಡುಗನ ತೊಟ್ಟಿಗೆ ನೇರವಾಗಿ ಅನ್ವಯಿಸುತ್ತದೆ. ಮೀನಿನ ಮಲಮೂತ್ರ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ತಳದ ಜಲ್ಲಿಯಲ್ಲಿರುವ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ ಮೀನಿಗೆ ಘೋರ ವಿಷ, ನೈಟ್ರೇಟ್ ಅಷ್ಟಲ್ಲ. ಜಲ್ಲಿಯ ಅಡಿಯಲ್ಲಿ ಫಿಲ್ಟರ್ ತಟ್ಟೆಯಿಟ್ಟ ಸಾಮಾನ್ಯ ತೊಟ್ಟಿ ಇಲ್ಲಿಗೆ ನಿಲ್ಲುತ್ತದೆ. ನೈಟ್ರೇಟ್ ದಿನೇ ದಿನೇ ಏರುತ್ತ ಹೋದರೂ ಮೀನು ಸಹಿಸಿಕೊಳ್ಳುತ್ತದೆ. ಹವಳದ ದಿಬ್ಬದ ಸುತ್ತಲಿನ ನೀರಿನಲ್ಲಾದರೋ ಲೀಟರಿಗೆ ಒಂದು ಮಿಲಿಗ್ರಾಂ ನೈಟ್ರೇಟ್ ಕೂಡ ಇರುವುದಿಲ್ಲ.

ಬರ್ಲಿನ್ನಿನವರ ಉಪಾಯ

ಉಪ್ಪುನೀರಿನ ಮೀನು ಸಾಕುವ ಹವ್ಯಾಸ ಹರಡಿದ 1950, 60ರ ದಶಕಗಳಲ್ಲಿ ಅಮೆರಿಕ, ಯೂರೋಪುಗಳ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದುದು ತೊಳೆದು ಬಿಳಿ ಮಾಡಿದ ಸತ್ತ ಹವಳ. ಅದೇ ಕಾಲದಲ್ಲಿ ಇಂಡೊನೇಷ್ಯಾದ ಜಕಾರ್ತದಲ್ಲಿ ಲೀ ಚಿನ್ ಎಂಗ್ ಎಂಬವರು ಸಮುದ್ರದೊಳಗಿನ ಕಲ್ಲುಗಳನ್ನು ಅವುಗಳ ಮೇಲಿನ ಜೀವರಾಶಿ ಸಮೇತ ತೊಟ್ಟಿಗೆ ತಂದಿಟ್ಟರು. ಸಹಜ ಸಮುದ್ರದ ನೀರು, ಬೆಳಕು, ಗಾಳಿಯ ಗುಳ್ಳೆಗಳು ಇವಿಷ್ಟರಿಂದಲೇ ಹವಳವನ್ನು ಬದುಕಿಸಿ ತೋರಿಸಿದರು. ಅವರ ವಿಧಾನ 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಸಮುದ್ರ ಮನೆಯ ಮಗ್ಗುಲಲ್ಲೇ ಇದ್ದವರಿಗೆ ಇದು ಸರಿ. ಬರ್ಲಿನ್ನಿನಂಥ, ಬೆಂಗಳೂರಿನಂತೆಯೇ ಸಮುದ್ರದಿಂದ ದೂರವಿರುವ ಊರಿನವರು ಏನು ಮಾಡಬೇಕು? ಜರ್ಮನಿಯ ಹವ್ಯಾಸಿಗಳು 1970, 80ರ ದಶಕಗಳಲ್ಲಿ ಕಂಡುಕೊಂಡ ಉತ್ತರಕ್ಕೆ 'ಬರ್ಲಿನ್ ವಿಧಾನ' ಎಂದೇ ಹೆಸರಾಯಿತು. ಜಲ್ಲಿಯಡಿಯ ಫಿಲ್ಟರ್ ತೆಗೆದುಹಾಕಿ. ಅದರ ಜಾಗದಲ್ಲಿ ಜೀವಂತ ಕಲ್ಲು ಜೋಡಿಸಿ. ನೊರೆ ತೆಗೆಯುವ ಸಾಧನ, ಪ್ರಖರವಾದ ದೀಪ ಮತ್ತು ಸುಣ್ಣ ಒದಗಿಸಿ. ಇಂದಿನ ದುಬಾರಿ ತೊಟ್ಟಿಗಳ ಒಳಗುಟ್ಟೂ ಬಹುಮಟ್ಟಿಗೆ ಇದೇ.

ಜೀವಂತ ಕಲ್ಲು ಎಂದರೆ ಕಲ್ಲಿಗೆ ಜೀವವಿದೆ ಎಂದಲ್ಲ. ಅದು ಹಳೆಯ ಹವಳದ ತೂತುತೂತಾದ ಸುಣ್ಣಕಲ್ಲು. ಹೊರಮೈಯಲ್ಲಿ ಆಮ್ಲಜನಕ ಬಳಸುವ ಬ್ಯಾಕ್ಟೀರಿಯಗಳು ಅಮೋನಿಯಾವನ್ನು ನೈಟ್ರೇಟ್ ಆಗಿಸುತ್ತವೆ. ಆಮ್ಲಜನಕ ತಲುಪದ ಒಳಗಿನ ತೂತುಗಳಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಗಳಿರುತ್ತವೆ. ಅವು ನೈಟ್ರೇಟನ್ನು ಒಡೆದು ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಜಲ್ಲಿಯ ಫಿಲ್ಟರ್ ಅರ್ಧಕ್ಕೆ ಬಿಟ್ಟ ಕೆಲಸ ಇಲ್ಲಿ ಪೂರ್ತಿಯಾಗುತ್ತದೆ. ಈಗ ಸಮುದ್ರದಿಂದ ಕಲ್ಲು ಕೀಳಬೇಕಾಗಿಯೂ ಇಲ್ಲ. ಒಣ ಸುಣ್ಣಕಲ್ಲು ಅಥವಾ ಪಿಂಗಾಣಿಯ ಕೃತಕ ಕಲ್ಲನ್ನು ತೊಟ್ಟಿಯಲ್ಲಿಟ್ಟು ಬ್ಯಾಕ್ಟೀರಿಯಗಳನ್ನು ಬಿಟ್ಟು ಕೆಲವು ತಿಂಗಳು ಕಾದರೆ ಅದೂ ಹಾಗೆಯೇ ಪಳಗುತ್ತದೆ. ಕಾಯುವ ತಾಳ್ಮೆ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನೊರೆ ತೆಗೆಯುವ ಸಾಧನದ ತತ್ತ್ವ ಕಡಲ ತೀರದಲ್ಲಿ ನಿಂತರೆ ಕಾಣುತ್ತದೆ. ಅಲೆ ಬಂದು ಬಡಿದಾಗ ದಡದಲ್ಲಿ ಕಂದು ಬಣ್ಣದ ನೊರೆ ಉಳಿಯುತ್ತದಲ್ಲ, ಆ ನೊರೆ ನೀರಿನ ಸಾವಯವ ಕೊಳೆ. ಪ್ರೋಟೀನಿನಂಥ ಅಣುಗಳು ಗಾಳಿಗುಳ್ಳೆಯ ಮೈಗೆ ಅಂಟಿಕೊಳ್ಳುತ್ತವೆ. ಒಂದು ಎತ್ತರದ ಕೊಳವೆಯಲ್ಲಿ ನೀರಿಗೆ ಲಕ್ಷಾಂತರ ಸಣ್ಣ ಗುಳ್ಳೆಗಳನ್ನು ಹಾಯಿಸಿದರೆ ಕೊಳೆ ಹೊತ್ತ ನೊರೆ ಮೇಲೇರಿ ಬಟ್ಟಲಿಗೆ ಬೀಳುತ್ತದೆ. ಅದು ಕೊಳೆತು ಅಮೋನಿಯಾ ಆಗುವ ಮೊದಲೇ ಹೊರಕ್ಕೆ ಚೆಲ್ಲಬಹುದು. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ತೇಲುವ ಕೊಳೆಯನ್ನು ತೆಗೆದುಹಾಕುವುದನ್ನು ನೋಡಿದವರಿಗೆ ಇದು ಹೊಸತೆನಿಸದು. ಸಿಹಿನೀರಿನಲ್ಲಿ ಇಂಥ ಸಣ್ಣ ಗುಳ್ಳೆಗಳು ನಿಲ್ಲುವುದಿಲ್ಲವಾದ್ದರಿಂದ ಚಿನ್ನದ ಮೀನಿನ ತೊಟ್ಟಿಗೆ ಈ ಸಾಧನ ಉಪಯೋಗವಿಲ್ಲ.

ದೀಪದ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು. ಮೀನು ನೋಡಲು ಹಾಕಿದ ಒಂದು ಟ್ಯೂಬ್‌ಲೈಟ್ ಮನುಷ್ಯನ ಕಣ್ಣಿಗೆ ಧಾರಾಳ. ಪಾಚಿಗೆ ಅದು ಮುಸ್ಸಂಜೆ. ನೀರು ಕೆಂಪು ಬೆಳಕನ್ನು ಬೇಗ ಹೀರಿಬಿಡುತ್ತದೆ, ನೀಲಿ ಆಳಕ್ಕಿಳಿಯುತ್ತದೆ. ಹವಳದೊಳಗಿನ ಪಾಚಿ ನೀಲಿ ಬೆಳಕಿಗೆ ಹೊಂದಿಕೊಂಡಿರುವುದು ಅದಕ್ಕೇ. ಹಿಂದೆ ಮೆಟಲ್ ಹ್ಯಾಲೈಡ್ ದೀಪಗಳನ್ನು ಬಳಸುತ್ತಿದ್ದರು. ಅವು ಒಲೆಯಂತೆ ಕಾಯುತ್ತಿದ್ದವು. ಈಗ ಎಲ್.ಇ.ಡಿ. ದೀಪಗಳು ಬಂದು ಕಾವೂ ಕಡಿಮೆಯಾಗಿದೆ, ವಿದ್ಯುತ್ ಬಿಲ್ಲೂ ಇಳಿದಿದೆ. ಹೊಸ ದೀಪವನ್ನು ಮೊದಲ ದಿನವೇ ಪೂರ್ತಿ ಉರಿಸಬಾರದು. ಮಂದ ಬೆಳಕಿಗೆ ಒಗ್ಗಿದ ಹವಳ ಒಮ್ಮೆಲೇ ಬಂದ ಪ್ರಖರತೆಗೆ ಪಾಚಿಯನ್ನೇ ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಕೆಲವು ವಾರ ಹಂತಹಂತವಾಗಿ ಏರಿಸಬೇಕು.

ನೀರಿನ ಓಟವೂ ಬೇಕು. ಹವಳ ಇದ್ದಲ್ಲಿಂದ ಕದಲದು. ಅದಕ್ಕೆ ಉಸಿರು ತರುವುದೂ ಕೊಳೆ ಒಯ್ಯುವುದೂ ನೀರೇ. 200 ಲೀಟರಿನ ತೊಟ್ಟಿಗೆ ಗಂಟೆಗೆ 4000 ಲೀಟರ್ ನೀರು ತಳ್ಳುವ ಪಂಪು ಹೆಚ್ಚೇನಲ್ಲ. ಒಂದೇ ಕಡೆ ರಾಚದೆ ಅಲೆಯಂತೆ ಹೋಗಿ ಬರುವಂತಿದ್ದರೆ ಒಳ್ಳೆಯದು.

ಸುಣ್ಣದ ಲೆಕ್ಕ

ಇನ್ನು ಕಲ್ಲು ಕಟ್ಟುವ ಕೆಲಸ. ಸಾಧನಗಳನ್ನೆಲ್ಲ ಕೊಂಡವರೂ ಎಡವುವುದು ಇಲ್ಲೇ. ವಿದ್ಯಾರ್ಥಿಗಳಿಗೆ ಹೆಚ್ಚು ರುಚಿಸಬೇಕಾದ ಭಾಗವೂ ಇದೇ.

ಹವಳ ತನ್ನ ಗೂಡಿಗೆ ನೀರಿನಿಂದ ಎರಡು ವಸ್ತುಗಳನ್ನು ತೆಗೆದುಕೊಳ್ಳುತ್ತದೆ: ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್. ಎರಡೂ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. 200 ಲೀಟರಿನ ತೊಟ್ಟಿಯ ಹವಳಗಳೆಲ್ಲ ಕೂಡಿ ದಿನಕ್ಕೆ 2 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟುತ್ತವೆ ಎಂದಿಟ್ಟುಕೊಂಡರೆ ಪ್ರತಿ ಲೀಟರಿನಿಂದ ದಿನಕ್ಕೆ 10 ಮಿಲಿಗ್ರಾಂ ಹೋಯಿತು. ಅದರಲ್ಲಿ ಕ್ಯಾಲ್ಸಿಯಂ ಶೇಕಡಾ 40, ಅಂದರೆ 4 ಮಿಲಿಗ್ರಾಂ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 410 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಐದು ದಿನದಲ್ಲಿ 20 ಮಿಲಿಗ್ರಾಂ ಕಳೆದರೂ ನಷ್ಟ ಶೇಕಡಾ 5 ಮಾತ್ರ. ಆದರೆ ಬೈಕಾರ್ಬೊನೇಟಿನ ದಾಸ್ತಾನು, ಅಂದರೆ ನೀರಿನ ಕ್ಷಾರೀಯತೆ, ಲೀಟರಿಗೆ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದಷ್ಟೇ. ಐದು ದಿನದಲ್ಲಿ ಅದರಿಂದ 50 ಹೋದರೆ ಉಳಿಯುವುದು 70. ಒಂದು ಚೀಲ ತುಂಬಿಯೇ ಇರುವಾಗ ಇನ್ನೊಂದು ಬರಿದಾಗುತ್ತ ಬಂತು! ಆದ್ದರಿಂದಲೇ ಅನುಭವಿಗಳು ಕ್ಯಾಲ್ಸಿಯಂಗಿಂತ ಮೊದಲು ಕ್ಷಾರೀಯತೆಯನ್ನು ಅಳೆಯುತ್ತಾರೆ. ಅಂಗಡಿಯವರು ಮೊದಲು ತೋರಿಸುವುದು ದೀಪವನ್ನು; ಮೊದಲು ಕೊಳ್ಳಬೇಕಾದುದು ಕ್ಷಾರೀಯತೆ ಅಳೆಯುವ ಕಿಟ್ಟನ್ನು.

ಹೋದುದನ್ನು ತುಂಬುವುದು ಹೇಗೆ? ಜರ್ಮನ್ ಹವ್ಯಾಸಿಗಳಿಗೆ ಇದರ ದಾರಿ ತೋರಿಸಿದವರಲ್ಲಿ ಪೀಟರ್ ವಿಲ್ಕೆನ್ಸ್ ಪ್ರಮುಖರು. ಅವರು ಬಳಸಿದ್ದು ಶಾಲೆಯ ಪ್ರಯೋಗಶಾಲೆಯಲ್ಲಿ ಎಲ್ಲರೂ ಕಂಡಿರುವ ಸುಣ್ಣದ ತಿಳಿನೀರನ್ನೇ. ಕೊಳವೆಯಿಂದ ಅದಕ್ಕೆ ಊದಿದರೆ ಉಸಿರಿನ ಇಂಗಾಲದ ಡೈಆಕ್ಸೈಡಿನಿಂದ ಹಾಲಿನಂತಾಗುತ್ತದೆ. ಬಿಡದೆ ಊದುತ್ತ ಹೋದರೆ ಮತ್ತೆ ತಿಳಿಯಾಗುತ್ತದೆ. ಹಾಗೆ ತಿಳಿಯಾಗುವುದು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಉಂಟಾಗುವುದರಿಂದ. ಹವಳಕ್ಕೆ ಬೇಕಾದ ಎರಡೂ ವಸ್ತುಗಳು ಅದರಲ್ಲಿ ಬೇಕಾದ ಪ್ರಮಾಣದಲ್ಲೇ ಇವೆ. ತೊಟ್ಟಿಯಲ್ಲಿ ಊದುವ ಕೆಲಸವನ್ನು ಮೀನುಗಳ ಉಸಿರು ಮಾಡುತ್ತದೆ. ಲೆಕ್ಕವೂ ಹೊಂದುತ್ತದೆ: ಒಂದು ಲೀಟರ್ ತಿಳಿನೀರಿನಲ್ಲಿ ಕರಗುವ ಸುಮಾರು ಒಂದೂವರೆ ಗ್ರಾಂ ಸುಣ್ಣದಿಂದ 2 ಗ್ರಾಂನಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಸಿದ್ಧವಾಗುತ್ತದೆ. ದಿನಕ್ಕೆ ಒಂದು ಲೀಟರ್ ಹಾಕಿದರೆ ಮೇಲಿನ ತೊಟ್ಟಿಯ ಖರ್ಚು ತುಂಬಿಬಂತು.

ಇಲ್ಲಿ ಹೆತ್ತವರು ಒಂದು ಮಾತು ಗಮನಿಸಬೇಕು. ಸುಣ್ಣದ ತಿಳಿನೀರಿನ ಪಿ.ಎಚ್. 12ಕ್ಕೂ ಮೇಲೆ. ಕಣ್ಣಿಗೆ ಬಿದ್ದರೆ ಅಪಾಯ. ತೊಟ್ಟಿಗೆ ಒಂದೇ ಸಲ ಸುರಿದರೆ ಮೀನೂ ಹವಳವೂ ಸಾಯುತ್ತವೆ. ಡ್ರಿಪ್ಪಿನಿಂದ ಇಳಿಸುವಂತೆ ಹನಿಹನಿಯಾಗಿ, ಆದಷ್ಟು ರಾತ್ರಿಯ ಹೊತ್ತು ಹಾಕಬೇಕು. ತಳದ ಗಷ್ಟು ಹೋಗಬಾರದು. ಎಲೆ ಅಡಿಕೆಯ ಸುಣ್ಣ, ಕರಾವಳಿಯ ಚಿಪ್ಪಿನ ಸುಣ್ಣ ಇವುಗಳಲ್ಲಿ ಏನೇನು ಬೆರೆತಿರುವುದೋ ಹೇಳಲಾಗದು. ಪ್ರಯೋಗಶಾಲೆಗೆ ಮಾರುವ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ ಆಗಬೇಕು.

ನೀರಿನ ಶುದ್ಧತೆಯೂ ಹಾಗೆಯೇ. 200 ಲೀಟರಿಗೆ ಸುಮಾರು 7 ಕಿಲೊ ಸಮುದ್ರದ ಲವಣ ಕರಗಿಸಬೇಕು. ಅಡುಗೆ ಉಪ್ಪು ಇದಕ್ಕಾಗದು. ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟಾಸಿಯಂ ಇವೆಲ್ಲ ಸೇರಿದ ಮಿಶ್ರಣವೇ ಬೇಕು. ಕರಗಿಸುವ ನೀರು ಕೊಳವೆಬಾವಿಯದಾದರೆ ಅದರ ಗಡಸುತನ, ನೈಟ್ರೇಟ್ ಎರಡೂ ಜೊತೆಗೇ ಬರುತ್ತವೆ. ಅಡುಗೆಮನೆಯ ಆರ್.ಓ. ಯಂತ್ರ ಇದೆಯಲ್ಲ ಎಂದರೆ, ಅವುಗಳಲ್ಲಿ ಅನೇಕವು ರುಚಿಗೆಂದು ಖನಿಜಾಂಶವನ್ನು ಉಳಿಸುತ್ತವೆ. ಈಚೆಗೆ ತಾಮ್ರ ಸೇರಿಸುವ ಯಂತ್ರಗಳೂ ಬಂದಿವೆ. ಕುಡಿಯುವವರಿಗೆ ಅದರಿಂದ ಏನಾಗುವುದೋ, ಹವಳಕ್ಕಂತೂ ತಾಮ್ರ ವಿಷ. ಮೀನಿನ ಮೈಯ ಬಿಳಿ ಚುಕ್ಕೆ ರೋಗಕ್ಕೆ ಹಿಂದೆ ತಾಮ್ರದ ಔಷಧಿ ಹಾಕಿದ್ದ ತೊಟ್ಟಿಯಾದರೆ ಹಳೆಯ ಕಲ್ಲು, ಜಲ್ಲಿ ಎಲ್ಲವನ್ನೂ ಹೊರಗೆ ಹಾಕುವುದೇ ಲೇಸು. ಹವಳದ ಪಾಲಿಪ್‌ಗಳನ್ನು ಕಿತ್ತು ತಿನ್ನುವ ಚಿಟ್ಟೆ ಮೀನು, ಸಿಕ್ಕಿದ್ದನ್ನೆಲ್ಲ ಕಚ್ಚುವ ಟ್ರಿಗರ್ ಮೀನು ಇವಕ್ಕೂ ಬೇರೆ ಮನೆ ಹುಡುಕಬೇಕು. ಕ್ಲೌನ್ ಮೀನು ಇರಬಹುದು.

ಬೇಸಿಗೆ ಮತ್ತು ಕರೆಂಟು

ಯೂರೋಪಿನವರು ತೊಟ್ಟಿಯನ್ನು ಬಿಸಿ ಮಾಡಲು ಹೆಣಗುತ್ತಾರೆ. ಇಲ್ಲಿ ತಂಪು ಮಾಡಲು ಹೆಣಗಬೇಕು. ಹವಳದ ತೊಟ್ಟಿಗೆ 25, 26 ಡಿಗ್ರಿ ಸೆಲ್ಸಿಯಸ್ ಹಿತ. ಸಮುದ್ರದಲ್ಲಿ ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಹವಳ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಆದದ್ದು ಇದೇ. ಆ ದ್ವೀಪಗಳಲ್ಲಿ ಅಮಿನಿದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತೆಂಬುದು ಇಂದಿನ ಮಕ್ಕಳಿಗೆ ತಿಳಿದಿರಲಾರದು.

ತೊಟ್ಟಿಯ ಮೇಲೆ ಫ್ಯಾನ್ ಹಾಕಿದರೆ ನೀರು ಆವಿಯಾಗಿ, ಮಣ್ಣಿನ ಹೂಜಿ ತಂಪಾಗುವಂತೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. 200 ಲೀಟರಿನಲ್ಲಿ 20 ಲೀಟರ್ ಆರಿದರೆ ಲೀಟರಿಗೆ 35 ಗ್ರಾಂ ಇದ್ದ ಲವಣ 39ರ ಹತ್ತಿರಕ್ಕೆ ಏರುತ್ತದೆ. ಆದ್ದರಿಂದ ಆರಿದಷ್ಟು ಶುದ್ಧ ಸಿಹಿನೀರನ್ನು ದಿನವೂ ತುಂಬಬೇಕು. ಸುಣ್ಣದ ತಿಳಿನೀರನ್ನು ಈ ಲೆಕ್ಕದಲ್ಲೇ ಸೇರಿಸಬಹುದು. ಬಯಲುಸೀಮೆಯ ಏಪ್ರಿಲ್‌ಗೆ ಫ್ಯಾನ್ ಸಾಲದು, ಚಿಲ್ಲರ್ ಬೇಕಾಗುತ್ತದೆ. ಅದರ ಬೆಲೆ ತೊಟ್ಟಿಯ ಬೆಲೆಯನ್ನು ಮೀರುವುದೂ ಉಂಟು. ಕರೆಂಟು ಹೋದಾಗ ಪಂಪು ನಿಂತು ನೀರಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿಯಬಹುದು. ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಕೊಳ್ಳಲಾಗದ ಮನೆಯವರು ಹವಳಕ್ಕೆ ಕೈಹಾಕದಿರುವುದೇ ಒಳ್ಳೆಯದು. ಅಂದ ಹಾಗೆ, ಖರ್ಚು ಕಡಿಮೆಯೆಂದು 40 ಲೀಟರಿನ ಪುಟ್ಟ ತೊಟ್ಟಿ ಕೊಡಿಸುವುದು ಉಳಿತಾಯವಲ್ಲ. ನೀರು ಕಡಿಮೆಯಾದಷ್ಟೂ ಉಷ್ಣತೆಯೂ ಲವಣವೂ ಬೇಗ ಏರಿಳಿಯುತ್ತವೆ.

ಯಾವ ಹವಳ, ಎಲ್ಲಿಂದ?

ಇಷ್ಟೆಲ್ಲ ಒದಗಿಸಿದ ಮೇಲೆ ಹವಳ ತರುವ ಪ್ರಶ್ನೆ. ಮನ್ನಾರ್ ಕೊಲ್ಲಿಯಲ್ಲಿ ದಶಕಗಳ ಕಾಲ ಹವಳವನ್ನು ಅಗೆದು ಸುಣ್ಣಕ್ಕೆ ಬಳಸಿದ ಚರಿತ್ರೆ ಈ ದೇಶದ್ದು. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. ಅಂದರೆ ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ದೊರೆಯಿತು. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಮುಳುಗಿದಾಗ ಕಂಡ ತುಂಡನ್ನು ನೆನಪಿಗೆಂದು ಕಿಸೆಗೆ ಹಾಕಿಕೊಳ್ಳುವುದೂ ಅಪರಾಧ. ಹೊರದೇಶದಿಂದ ಬರುವ ಕಲ್ಲುಹವಳಗಳಿಗೆ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪರವಾನಗಿ ಬೇಕು. ಅಂಥ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂದು 2022ರ ತಿದ್ದುಪಡಿ ಹೇಳುತ್ತದೆ. ಕಾಗದ ತೋರಿಸದ ಅಂಗಡಿಯಿಂದ ಹವಳ ಕೊಳ್ಳಬಾರದು. ಮಗನ ಹವ್ಯಾಸದಿಂದ ಅಪ್ಪ ಕಚೇರಿ ಅಲೆಯುವಂತಾಗಬಾರದಲ್ಲ!

ಕಾಗದ ಸರಿಯಿದ್ದರೂ ಮೊದಲ ವರ್ಷ ಕಲ್ಲುಹವಳ ಬೇಡ. ಅಣಬೆ ಹವಳ, ಗುಂಡಿಗಳನ್ನು ಪೋಣಿಸಿದಂತೆ ಹರಡುವ ಜೊವಾಂಥಿಡ್‌ಗಳು ಸುಣ್ಣದ ಗೂಡನ್ನೇ ಕಟ್ಟುವುದಿಲ್ಲ. ಸ್ವಲ್ಪ ಹೆಚ್ಚುಕಡಿಮೆಯಾದರೂ ತಡೆದುಕೊಳ್ಳುತ್ತವೆ. ಜೊವಾಂಥಿಡ್‌ಗಳಲ್ಲಿ ಕೆಲವಕ್ಕೆ ಪ್ರಬಲ ವಿಷವಿರುವುದರಿಂದ ಬರಿಗೈಯಲ್ಲಿ ಮುಟ್ಟಬಾರದು. ಕ್ಲೌನ್ ಮೀನನ್ನೂ ಸಮುದ್ರದಿಂದ ಹಿಡಿದದ್ದಕ್ಕಿಂತ ಸಾಕಣೆಯಲ್ಲಿ ಹುಟ್ಟಿದ್ದನ್ನೇ ಕೇಳಿ ಕೊಳ್ಳುವುದು ಮೇಲು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅದರ ತಳಿ ಬೆಳೆಸುವ ವಿಧಾನವನ್ನು ನಮ್ಮ ದೇಶದಲ್ಲೇ ಸಾಧಿಸಿದೆ.

ಗಾಜಿನ ತೊಟ್ಟಿಯ ಈ ವಿದ್ಯೆ ಹಜಾರದ ಅಲಂಕಾರಕ್ಕಷ್ಟೇ ಸೀಮಿತವಾಗಿ ಉಳಿದಿಲ್ಲ. ಕಡಲಿನಲ್ಲಿ ಹವಳಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ ಒಟ್ಟಾಗಿ ಮೊಟ್ಟೆ ಮತ್ತು ವೀರ್ಯ ಚೆಲ್ಲುತ್ತವೆ. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿ ಜೇಮಿ ಕ್ರಾಗ್ಸ್ ಮತ್ತು ಸಂಗಡಿಗರು ಹಗಲಿನ ಉದ್ದ, ನೀರಿನ ಉಷ್ಣತೆ ಎಲ್ಲವನ್ನೂ ಹವಳದ ತವರಿನ ಋತುಗಳಂತೆಯೇ ಏರಿಳಿಸಿದರು. ರಾತ್ರಿಗೆ ಚಂದ್ರನ ಹೆಚ್ಚುಕಡಿತ ಅನುಸರಿಸುವ ಪುಟ್ಟ ದೀಪವನ್ನೂ ಇಟ್ಟರು. ಹವಳಗಳು ಸಮಯಕ್ಕೆ ಸರಿಯಾಗಿ ಮೊಟ್ಟೆಯಿಟ್ಟವು. ವಿಧಾನದ ವಿವರ 2017ರಲ್ಲಿ ಪ್ರಕಟವಾಯಿತು. ಅಮೆರಿಕದ ಫ್ಲಾರಿಡಾ ತೀರದಲ್ಲಿ ಕಂಬದ ಹವಳವೆಂಬ ಜಾತಿ ರೋಗಕ್ಕೆ ಸಿಕ್ಕಿ ಅಳಿಯುತ್ತಿದ್ದಾಗ ಉಳಿದ ತುಂಡುಗಳನ್ನು ತೊಟ್ಟಿಗೆ ತಂದು ಅಲ್ಲಿಯವರು ಇದೇ ಉಪಾಯ ಹೂಡಿದರು. 2019ರ ಆಗಸ್ಟ್‌ನಲ್ಲಿ ಫ್ಲಾರಿಡಾ ಅಕ್ವೇರಿಯಂನ ತೊಟ್ಟಿಯೊಂದರಲ್ಲಿ, ಕೃತಕ ಚಂದ್ರನ ಕೆಳಗೆ ಆ ಹವಳ ಮೊಟ್ಟೆಯಿಟ್ಟಿತು.